ಪದಚರ್ಚೆ: ಆಟೋಮ್ಯಾಟಿಕ್ ವ್ಯಾನಿನ ‘ಹೋಲ್ಡ್’ ಬಟನ್ನಿಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಕೆಲವು ಆಟೋಮ್ಯಾಟಿಕ್ ಗಾಡಿಗಳ ಗೇರ್ ಲಿವರಿನಲ್ಲಿ ‘ಹೋಲ್ಡ್’ ಎಂದು ಬರೆದ ಬಟನ್ ಇರುತ್ತದೆ, ಗೇರ್ ತಾನಾಗಿ ಮೇಲಕ್ಕೆ ಹೋಗದಂತೆ ಮಾಡುವ ಬಟನ್ ಅದು. ಅದಕ್ಕೆ ಏನು ಬರೆದರೆ ನಮ್ಮ ಘಟ್ಟದ ಡ್ರೈವರಿಗೆ ಒಂದೇ ಓದಿಗೆ ಅರ್ಥವಾದೀತು? ನಾನು ಬರೆದ ಪದ ತಪ್ಪು ಅರ್ಥ ಕೊಟ್ಟಿತು, ಅದೂ ಕಡಿದಾದ ಇಳಿಜಾರಿನ ನಡುವೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಹೇಳದಿದ್ದರೆ ಪ್ರಶ್ನೆ ಏನೆಂದು ತಿಳಿಯುವುದಿಲ್ಲ.

ನಾವಿರುವುದು ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ. ಮನೆಯಲ್ಲಿ ಹಳೆಯದೊಂದು ಮಾಜ್ದಾ ಬಾಂಗೋ ಫ್ರೆಂಡಿ ವ್ಯಾನ್ ಇದೆ. 1995ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಗಾಡಿ. ಎಂಟು ಸೀಟು, ಎರಡೂವರೆ ಲೀಟರಿನ ಡೀಸೆಲ್ ಎಂಜಿನ್, ನಾಲ್ಕು ಗೇರಿನ ಆಟೋಮ್ಯಾಟಿಕ್. ಇಲ್ಲಿಗೆ ಸೆಕೆಂಡ್ ಹ್ಯಾಂಡಾಗಿ ಬಂದ ಇಂಥ ಎಷ್ಟೋ ವ್ಯಾನುಗಳು ಒಳಗೆ ಹಾಸಿಗೆ, ಒಲೆ ಕೂರಿಸಿಕೊಂಡು ಪ್ರವಾಸಕ್ಕೆ ಓಡುತ್ತವೆ. ಈ ಬೇಸಿಗೆಯಲ್ಲಿ ಊರಿಂದ ಚಿಕ್ಕಪ್ಪ ಬಂದಿದ್ದಾರೆ. ಕೊಟ್ಟಿಗೆಹಾರದಿಂದ ಕೆಳಗೆ ಚಾರ್ಮಾಡಿ ಘಾಟಿಯಲ್ಲಿ ಮೂವತ್ತು ವರ್ಷ ಲಾರಿ ಇಳಿಸಿದವರು. ಭಾರತದ ಲೈಸೆನ್ಸಿನಲ್ಲಿ ಇಲ್ಲಿ 12 ತಿಂಗಳವರೆಗೆ ಕಾರು, ವ್ಯಾನು ಓಡಿಸಬಹುದು. ಸುಮ್ಮನೆ ಕೂರುವ ಜೀವ ಅಲ್ಲ ಅವರದು, ವಿಮೆಗೆ ಅವರ ಹೆಸರನ್ನೂ ಸೇರಿಸಿದೆವು. ಆಟೋಮ್ಯಾಟಿಕ್ ಅವರು ಮುಟ್ಟಿದ್ದು ಇದೇ ಮೊದಲು. ಇಂಗ್ಲಿಷ್ ಓದಲು ಕಷ್ಟ. ಹಾಗಾಗಿ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಸ್ಟೇರಿಂಗಿನ ಎದುರು ಅಂಟಿಸಿದೆ. ಅದರ ಮೂರನೇ ಸಾಲು ಹೀಗಿತ್ತು: ‘ಇಳಿಜಾರಿನಲ್ಲಿ ಲಿವರ್ ಎಸ್‌ಗೆ ತಂದು ಗೇರ್ ಹಿಡಿ ಗುಂಡಿ ಒತ್ತಿ.’ (ಲಿವರಿನ ಮೇಲೆ ಡಿ ಅಂದರೆ ಮಾಮೂಲಿ ಓಟದ ಸ್ಥಾನ, ಎಸ್ ಮತ್ತು ಎಲ್ ಅಂದರೆ ಕೆಳಗಿನ ಗೇರುಗಳ ಸ್ಥಾನ.)

ಥರ್ಸ್ಕ್ ಊರಿನ ಬಳಿ ಸಟನ್ ಬ್ಯಾಂಕ್ ಎಂಬ ಗುಡ್ಡ ಇದೆ. ಎ170 ರಸ್ತೆ ಅಲ್ಲಿ ನಾಲ್ಕು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯುವಷ್ಟು ಕಡಿದಾಗಿದೆ. ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನ್‌ಗಳನ್ನು ಆ ದಾರಿಯಲ್ಲಿ ಬಿಡುವುದಿಲ್ಲ. ಚಿಕ್ಕಪ್ಪ ಮೇಲಿನ ಬೋರ್ಡು ನೋಡಿದ ಕೂಡಲೇ ಚೀಟಿಯಲ್ಲಿದ್ದಂತೆ ಲಿವರ್ ಎಸ್‌ಗೆ ತಂದರು, ಬಟನ್ ಒತ್ತಿದರು. ಒತ್ತಿದವರು ಹೆಬ್ಬೆರಳು ತೆಗೆಯಲೇ ಇಲ್ಲ. ಪಕ್ಕದಲ್ಲಿ ಕೂತ ನನಗೆ ಅವರ ಉಗುರು ಬಿಳಿಚಿಕೊಂಡದ್ದು ಕಾಣುತ್ತಿತ್ತು. ಎರಡನೇ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಲು ಆ ಕೈ ಬೇಕಾಯಿತು. ಬೆರಳು ಜಾರಿತು, ಗಾಬರಿಯಲ್ಲಿ ಮತ್ತೆ ಒತ್ತಿದರು. ಈ ಬಟನ್ ಒಮ್ಮೆ ಒತ್ತಿದರೆ ಹತ್ತಿಕೊಳ್ಳುತ್ತದೆ, ಇನ್ನೊಮ್ಮೆ ಒತ್ತಿದರೆ ಆರುತ್ತದೆ. ಮೀಟರಿನಲ್ಲಿದ್ದ ಹೋಲ್ಡ್ ದೀಪ ಆರಿತು, ಗೇರ್ ಮೇಲಕ್ಕೆ ಹೋಯಿತು, ಎಂಜಿನ್ನಿನ ಸದ್ದು ತಗ್ಗಿ ವ್ಯಾನ್ ಮುಂದಕ್ಕೆ ನುಗ್ಗಿತು. ಅವರ ಕಾಲು ಬ್ರೇಕಿನ ಮೇಲೆಯೇ ಇತ್ತು, ಏನೂ ಆಗಲಿಲ್ಲ. ಕೆಳಗಿಳಿದು ಬದಿಗೆ ನಿಲ್ಲಿಸಿದಾಗ ಮುಂದಿನ ಚಕ್ರದಿಂದ ಬ್ರೇಕ್ ಕಾದ ವಾಸನೆ ಬರುತ್ತಿತ್ತು.

“ಹಿಡಿ ಅಂತ ಬರ್ದಿದ್ಯಲ್ಲೋ ಮಾರಾಯ, ಹಿಡಿದೆ. ಬಿಡು ಅಂತ ಎಲ್ಲೂ ಬರ್ದಿರ್ಲಿಲ್ಲ” ಅಂದರು.

ಅವರು ಓದಿದ್ದು ಸರಿ. ಮೊಬೈಲಿನಲ್ಲಿ ‘ಒತ್ತಿ ಹಿಡಿಯಿರಿ’ ಎನ್ನುವುದು ಈಗ ಎಲ್ಲರ ಕಣ್ಣಿಗೂ ಪರಿಚಯ. ಬಟನ್ನಿನ ಪಕ್ಕ ಹಿಡಿ ಎಂಬ ಪದ ಬಂದರೆ ಹಿಡಿಯಬೇಕಾದವನು ಓದುಗ, ಯಂತ್ರವಲ್ಲ. ನನ್ನ ಮನಸ್ಸಿನಲ್ಲಿ ಗೇರನ್ನು ಹಿಡಿಯುವ ಕೆಲಸ ಗೇರ್‌ಬಾಕ್ಸಿನದಾಗಿತ್ತು. ಚೀಟಿಯಲ್ಲಿ ಅದನ್ನು ಹೇಳುವ ಒಂದಕ್ಷರವೂ ಇರಲಿಲ್ಲ.

ಅಂದು ರಾತ್ರಿ ಊಟ ಮುಗಿಸಿ ಚಿಕ್ಕಪ್ಪನ ಜೊತೆ ಕೂತು ಒಂದೊಂದೇ ಪದ ಇಟ್ಟು ನೋಡಿದೆ. ‘ಹಿಡಿ’ಯ ಬಗ್ಗೆ ಅವರು ಹೇಳಿದ್ದು ನಿಘಂಟಿನಲ್ಲಿ ನನಗೆ ಹೊಳೆಯದ ಮಾತು. ಗ್ಯಾರೇಜಿನಲ್ಲಿ ‘ಗೇರ್ ಹಿಡ್ಕೊಂಡಿದೆ’ ಅಂದರೆ ಗೇರ್ ಸಿಕ್ಕಿಕೊಂಡಿದೆ, ರಿಪೇರಿ ಆಗಬೇಕು ಅಂತ. ‘ಬ್ರೇಕ್ ಹಿಡೀತಿಲ್ಲ’ ಅಂದರೆ ಬ್ರೇಕ್ ನಾಟುತ್ತಿಲ್ಲ. ‘ಬ್ರೇಕ್ ಹಿಡ್ಕೊಂಡಿದೆ’ ಅಂದರೆ ಬಿಡದೆ ಚಕ್ರಕ್ಕೆ ಉಜ್ಜುತ್ತಿದೆ. ಹಿಡಿಯಬೇಕಾದದ್ದು ಹಿಡಿಯದಿದ್ದರೂ ದೋಷ, ಬಿಡಬೇಕಾದದ್ದು ಹಿಡಿದುಕೊಂಡರೂ ದೋಷ. ಇನ್ನು ನಾಮಪದವಾದರೆ ಕತ್ತಿಯ ಹಿಡಿ, ಕೊಡೆಯ ಹಿಡಿ ಇದ್ದಂತೆ ‘ಗೇರ್ ಹಿಡಿ’ ಅಂದರೆ ಗೇರ್ ಲಿವರಿನ ತಲೆಯೇ ಆಗಿಬಿಡುತ್ತದೆ. ಹಾಗಾಗಿ ಈ ಪದವನ್ನು ಕೈಬಿಟ್ಟೆ. ಹಿಂದೆಯೇ ‘ಗುಂಡಿ’ಯೂ ಹೋಯಿತು. ರಸ್ತೆಯ ಮೇಲಿರುವ ಮನುಷ್ಯನಿಗೆ ಗುಂಡಿ ಅಂದರೆ ತಪ್ಪಿಸಿಕೊಂಡು ಹೋಗಬೇಕಾದದ್ದು. ಬಟನ್ ಇರಲಿ.

‘ಗೇರ್ ತಡೆ’ ಎಂದೆ. ರಸ್ತೆತಡೆ ಇದ್ದಂತೆ, ಗೇರ್ ಬೀಳುವುದೇ ಇಲ್ಲ ಎಂದು ತೋರುತ್ತದೆ. ‘ಗೇರ್ ಲಾಕ್’ ಅಂದರೆ ಕಳ್ಳರಿಗೆ ಸಿಗದಂತೆ ಲಿವರಿಗೆ ಹಾಕುವ ಬೀಗ, ಊರಿನ ಕಾರುಗಳಲ್ಲಿ ಅದು ಇದೆ. ‘ಸ್ಥಿರ ಗೇರ್’ ಕಾಗದದ ಮೇಲೆ ಚೆನ್ನಾಗಿದೆ, ಬಾಯಿಗೆ ಬರುವುದಿಲ್ಲ.

ಇಷ್ಟಾದ ಮೇಲೆ ನನಗೆ ತಿಳಿದದ್ದು, ತೊಂದರೆ ಬರೀ ಪದದ್ದಲ್ಲ. ‘ಹೋಲ್ಡ್’ ಎಂಬ ಒಂದೇ ಮಾತಿನ ಕೆಳಗೆ ಎರಡು ಬೇರೆ ಕೆಲಸಗಳಿವೆ. ನಮ್ಮ ವ್ಯಾನಿನಲ್ಲಿ ಲಿವರ್ ಎಸ್‌ನಲ್ಲಿದ್ದು ಹೋಲ್ಡ್ ಒತ್ತಿದರೆ ಗೇರ್ ಸೆಕೆಂಡಿನಲ್ಲೇ ಉಳಿಯುತ್ತದೆ, ಹೊರಡುವುದೂ ಸೆಕೆಂಡಿನಿಂದಲೇ. ಹಿಮ ಬಿದ್ದಾಗ, ಒದ್ದೆ ಹುಲ್ಲಿನ ಮೇಲಿಂದ ಹೊರಡುವಾಗ ಚಕ್ರ ಜಾರದಿರಲು ಅದು ಬಹಳ ಉಪಯೋಗ. ಎಲ್‌ನಲ್ಲಿ ಒತ್ತಿದರೆ ಫಸ್ಟಿನಲ್ಲೇ. ಆದರೆ ಡಿ-ಯಲ್ಲಿ ಅದೇ ಬಟನ್ ಒತ್ತಿದರೆ ಗಾಡಿ ಥರ್ಡಿನಿಂದ ಮೇಲಕ್ಕೆ ಹೋಗುವುದಿಲ್ಲ, ಕೆಳಗಿನ ಗೇರಿಗೆ ಇಳಿಯಲು ಅಡ್ಡಿಯಿಲ್ಲ. ಮೊದಲಿನ ಎರಡು ಒಂದು ಗೇರನ್ನು ಉಳಿಸಿಕೊಳ್ಳುವುದು. ಕೊನೆಯದು ಮೇಲಿನ ಗೇರನ್ನು ಮುಚ್ಚುವುದು.

ಬೇರೆ ವ್ಯಾನುಗಳಲ್ಲೂ ಈ ಎರಡು ಬಗೆ ಇವೆ. ಮರ್ಸಿಡಿಸ್ ಸ್ಪ್ರಿಂಟರಿನ ಹಿಂದಿನ ಮಾದರಿಗಳಲ್ಲಿ ಲಿವರ್ ಡಿ-ಯಲ್ಲಿದ್ದಾಗ ಅದನ್ನು ಎಡಕ್ಕೆ ತಟ್ಟಿದರೆ ಮೀಟರಿನಲ್ಲಿ 4 ಎಂದೋ 3 ಎಂದೋ ಬರುತ್ತದೆ. ಅದು ನಾಲ್ಕನೇ ಗೇರ್ ಬಿದ್ದಿದೆ ಎಂಬ ಸುದ್ದಿಯಲ್ಲ, ನಾಲ್ಕು ದಾಟುವುದಿಲ್ಲ ಎಂಬ ಸುದ್ದಿ. ಬಲಕ್ಕೆ ತಟ್ಟುತ್ತಾ ಹೋದರೆ ಒಂದೊಂದೇ ಗೇರ್ ಮತ್ತೆ ತೆರೆದುಕೊಳ್ಳುತ್ತದೆ. ಟೊಯೊಟಾದ ಹಲವು ಗಾಡಿಗಳಲ್ಲಿ ಡಿ ಪಕ್ಕದ ಎಸ್ ಕೂಡ ಹೀಗೆಯೇ. ಅದೇ ಎಂ (ಗೇರನ್ನು ನಾವೇ ಆರಿಸುವ ಸ್ಥಾನ) ಎಂದು ಬರೆದ ಹೆಚ್ಚಿನ ಗಾಡಿಗಳಲ್ಲಿ ಅಂಕಿ ಅಂದರೆ ಬಿದ್ದಿರುವ ಗೇರೇ. ಒಂದೇ ಅಂಕಿಗೆ ಎರಡು ಅರ್ಥ. ಇಳಿಜಾರಿನಲ್ಲಿ ಈ ವ್ಯತ್ಯಾಸ ಗೊತ್ತಿರಲೇಬೇಕು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಎಂಜಿನ್ನಿನ ಮೇಲೆ ಭಾರ ಕಡಿಮೆಯಾಯಿತೆಂದು ಆಟೋಮ್ಯಾಟಿಕ್ ಗೇರ್‌ಬಾಕ್ಸು ಮೇಲಿನ ಗೇರಿಗೆ ಹೋಗಲು ನೋಡುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ ಗಾಡಿಯನ್ನು ಎಳೆದು ನಿಲ್ಲಿಸುವುದು ಕಡಿಮೆ, ಉಳಿದ ಭಾರವೆಲ್ಲ ಬ್ರೇಕಿಗೆ. ಹತ್ತುವಾಗ ಮೂರಕ್ಕೂ ನಾಲ್ಕಕ್ಕೂ ಹೊಯ್ದಾಡುವುದನ್ನು ನಿಲ್ಲಿಸಲೂ ಇದೇ ಬಟನ್ ಬೇಕು, ಆದರೆ ಅಲ್ಲಿ ಪದ ತಪ್ಪಿದರೆ ಇಂಥ ಅಪಾಯವಿಲ್ಲ.

ಇದನ್ನೆಲ್ಲ ವಿವರಿಸಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಹತ್ತಿದ ಗೇರಲ್ಲೇ ಇಳಿ ಅನ್ನೋದೇ ಅಲ್ವಾ ಇದು?” ಅಂದರು. ಲಾರಿಗೆ ಕ್ಲೀನರಾಗಿ ಸೇರಿದ ಹುಡುಗನಿಗೆ ಮೊದಲು ಹೇಳಿಕೊಡುವ ಮಾತು ಅದು. ಸೆಕೆಂಡಲ್ಲಿ ಹತ್ತಿದ ಚಡಾವನ್ನು ಸೆಕೆಂಡಲ್ಲೇ ಇಳಿಸು, ನ್ಯೂಟ್ರಲ್ ಮಾಡಿ ಬಿಡಬೇಡ.

ನನಗೆ ಬೇಕಾದದ್ದು ಆ ಮಾತಿನ ಒಳಗೇ ಇತ್ತು. ‘ಗೇರಲ್ಲಿ ಇಳಿ’ ಎನ್ನುವುದಕ್ಕೂ ‘ಗೇರಲ್ಲೇ ಇಳಿ’ ಎನ್ನುವುದಕ್ಕೂ ಇರುವ ಅಂತರ ಒಂದು ಏಕಾರ. ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದ ಮಾಡುವ ಕೆಲಸವನ್ನು ನಮ್ಮಲ್ಲಿ ಆ ಏಕಾರವೇ ಮಾಡುತ್ತದೆ. ಹಿಡಿ, ತಡೆ, ಕಟ್ಟು ಎಂದು ಹುಡುಕುತ್ತಿದ್ದೆನಲ್ಲ, ಅದು ಯಾವುದೂ ಬೇಡ. ಬಟನ್ನಿನ ಕೆಳಗೆ ‘ಸೆಕೆಂಡಲ್ಲೇ’ ಎಂದಷ್ಟೇ ಬರೆದರೆ ಸಾಕು, ಗೇರ್ ಅಲ್ಲಿಯೇ ಇರುತ್ತದೆ ಎಂದು ಗೊತ್ತಾಗುತ್ತದೆ. ಯಾರು ಹಿಡಿಯಬೇಕು ಎಂಬ ಗೊಂದಲವೂ ಇಲ್ಲ.

ಎರಡನೆಯ ಕೆಲಸಕ್ಕೆ, ಅಂದರೆ ಮೇಲಿನ ಗೇರ್ ಮುಚ್ಚುವುದಕ್ಕೆ, ‘ಥರ್ಡ್‌ವರೆಗೆ’ ಎಂದು ಬರೆದೆ. ಚಿಕ್ಕಪ್ಪ ಒಪ್ಪಲಿಲ್ಲ. ‘ಥರ್ಡ್ ತನಕ ಒತ್ತು’ ಎಂದು ಓದಿಕೊಂಡರೆ ಥರ್ಡ್ ಬೀಳುವ ತನಕ ಒತ್ತಿಕೊಂಡೇ ಇರಬೇಕು ಎಂದಾಗುತ್ತದಂತೆ. ವರೆಗೆ, ತನಕ ಎರಡೂ ಜಾಗವನ್ನೂ ಹೇಳುತ್ತವೆ, ಹೊತ್ತನ್ನೂ ಹೇಳುತ್ತವೆ. ಒಂದು ಸಲ ಹೆಬ್ಬೆರಳು ಬಿಳಿಚಿಕೊಂಡವರು ಅವರು, ಆ ಸಂಶಯವನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಕೊನೆಗೆ ‘ಥರ್ಡ್ ದಾಟದು’ ಎಂದಿಟ್ಟೆವು. ದಾಟದು ಎಂಬ ನಿಷೇಧರೂಪ ಮಾತಿನಲ್ಲಿ ಈಗ ಕಡಿಮೆ, ‘ದಾಟಲ್ಲ’ ಎನ್ನುತ್ತೇವೆ. ಬರಹದಲ್ಲಿ ದಾಟದು ಚಿಕ್ಕದು, ಗಟ್ಟಿ. ‘ಮೇಲ್ಮಿತಿ ಥರ್ಡ್’ ಎಂಬುದು ಕೈಪಿಡಿಗೆ ಸರಿಹೋದೀತು. ವೇಗಮಿತಿ ಎಲ್ಲರಿಗೂ ಗೊತ್ತಿರುವುದರಿಂದ ಅರ್ಥವೂ ಆಗುತ್ತದೆ. ಓಡುವ ಗಾಡಿಯಲ್ಲಿ ಓರೆಗಣ್ಣಿನಲ್ಲಿ ಓದುವುದಕ್ಕೆ ನಾನಂತೂ ಅದನ್ನು ಬರೆಯುವುದಿಲ್ಲ.

ಹೊಸ ಚೀಟಿ ಈಗ ಹೀಗಿದೆ: ‘ಎಸ್, ಒಮ್ಮೆ ಒತ್ತಿ ಬಿಡಿ, ದೀಪ ಹತ್ತಿದರೆ ಸೆಕೆಂಡಲ್ಲೇ. ಡಿ, ಒಮ್ಮೆ ಒತ್ತಿ ಬಿಡಿ, ದೀಪ ಹತ್ತಿದರೆ ಥರ್ಡ್ ದಾಟದು. ದೀಪ ಮಿನುಗಿದರೆ ನಿಲ್ಲಿಸಿ ನನ್ನನ್ನು ಕೇಳಿ.’ ಕೊನೆಯ ಸಾಲು ಯಾಕೆಂದರೆ ಈ ವ್ಯಾನಿನಲ್ಲಿ ಹೋಲ್ಡ್ ದೀಪ ಮಿನುಗುವುದು ಗೇರ್‌ಬಾಕ್ಸಿನಲ್ಲಿ ದೋಷವಿದೆ ಎಂಬ ಸೂಚನೆ.

ನನ್ನ ಪ್ರಶ್ನೆಗಳು ಈಗಲೂ ಉಳಿದಿವೆ. ಆ ಎರಡು ಸಾಲು ಕೆಲಸವನ್ನು ಹೇಳುತ್ತವೆ, ಬಟನ್ನಿಗೆ ಹೆಸರು ಕೊಡುವುದಿಲ್ಲ. ‘ಆ ಬಟನ್ ಒತ್ತಿದ್ಯಾ?’ ಎಂದು ಪಕ್ಕದಲ್ಲಿ ಕೂತವರು ಕೇಳಬೇಕಾದರೆ ಒಂದು ಹೆಸರು ಬೇಕು. ‘ಹೋಲ್ಡ್ ಬಟನ್’ ಎಂದೇ ಇಟ್ಟುಕೊಳ್ಳುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಫೋನಿನಲ್ಲಿ ಹೋಲ್ಡ್ ಅಂದರೆ ಕಾಯಿರಿ ಎಂದಾಗಿರುವುದರಿಂದ ಹೊಸಬರಿಗೆ ಅದೂ ದಾರಿ ತಪ್ಪಿಸೀತೇ? ಶಿರಾಡಿ, ಆಗುಂಬೆ, ಹುಲಿಕಲ್, ಅನಮೋಡ್ ಕಡೆ ಗಾಡಿ ಇಳಿಸುವವರು ಗೇರ್ ಬದಲಿಸದೆ ಒಂದರಲ್ಲೇ ಬರುವುದಕ್ಕೆ ಬೇರೆ ಮಾತು ಬಳಸುತ್ತಾರೆಯೇ? ತುಳು ಆಡುವ ಡ್ರೈವರುಗಳ ಬಾಯಲ್ಲಿ ಇದಕ್ಕೆ ಏನಿದೆ? ಊರಿನಲ್ಲಿ ಆಟೋಮ್ಯಾಟಿಕ್ ಕಾರು ಇಟ್ಟುಕೊಂಡು ಘಟ್ಟ ಇಳಿಯುವವರು ಮನೆಯವರಿಗೆ ಇದನ್ನು ಹೇಗೆ ಹೇಳಿಕೊಟ್ಟಿರಿ? ನಿಮ್ಮ ಬಾಯಿಮಾತನ್ನು ಇದ್ದ ಹಾಗೆಯೇ ಬರೆಯಿರಿ, ತಿದ್ದಬೇಡಿ.

ಚಿಕ್ಕಪ್ಪ ಮುಂದಿನ ಶನಿವಾರ ಮತ್ತೆ ಸಟನ್ ಬ್ಯಾಂಕಿಗೆ ಹೋಗೋಣ ಅಂದಿದ್ದಾರೆ. ಅಷ್ಟರೊಳಗೆ ಒಳ್ಳೆಯ ಹೆಸರು ಸಿಕ್ಕರೆ ಚೀಟಿಯನ್ನು ಇನ್ನೊಮ್ಮೆ ಬರೆಯುತ್ತೇನೆ.