ಜಿಲ್ಲೆಯ ಕೈತೋಟ ಸಂಘವನ್ನು ರಾಜ್ಯಮಟ್ಟಕ್ಕೆ ಬೆಳೆಸುವಾಗ ಹಣ, ಬೀಜ ಮತ್ತು ನಿರ್ಧಾರ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ಹಿತ್ತಿಲ ಬಸಳೆ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯಲ್ಲಿ ಕೈತೋಟದ ಆಸಕ್ತರು ಸೇರಿ ಕಟ್ಟಿಕೊಂಡ ಸ್ವಯಂಸೇವಾ ಸಂಘವೊಂದರ ಕಾರ್ಯದರ್ಶಿ ನಾನು. ನಮ್ಮಲ್ಲಿ ಸಂಬಳ ಪಡೆಯುವವರು ಯಾರೂ ಇಲ್ಲ. ಶಾಲೆಗಳ ತರಕಾರಿ ತೋಟಕ್ಕೆ ನೆರವಾಗುವುದು, ಮಳೆಗಾಲಕ್ಕೆ ಮುಂಚೆ ಬೆಂಡೆ, ಅಲಸಂಡೆ, ಹೀರೆ, ಮುಳ್ಳುಸೌತೆಗಳ ಬೀಜವನ್ನು ಮನೆಯಿಂದ ಮನೆಗೆ ದಾಟಿಸುವುದು, ಮುರಕಲ್ಲಿನ ಅಂಗಳವಿರುವ ಹೊಸ ಮನೆಯವರಿಗೂ ಮಣ್ಣು, ಸೊಪ್ಪು, ಸೆಗಣಿ ಹೊಂದಿಸಿಕೊಳ್ಳುವ ಬಗೆಯನ್ನು ತೋರಿಸಿಕೊಡುವುದು ನಮ್ಮ ಮುಖ್ಯ ಕೆಲಸ.

ಕಣ್ಣೂರು, ತ್ರಿಶೂರು, ಕೋಟ್ಟಯಂ ಕಡೆಗಳಲ್ಲಿ ಇಂಥದೇ ಕೆಲಸ ಮಾಡುತ್ತಿರುವ ಗುಂಪುಗಳು ಈಗ ಒಂದು ಪ್ರಸ್ತಾಪವನ್ನು ಮುಂದಿಟ್ಟಿವೆ. ಕೇರಳದ ಹದಿನಾಲ್ಕು ಜಿಲ್ಲೆಗಳಿಗೂ ಸೇರಿ ಒಂದೇ ರಾಜ್ಯ ಸಂಘವಾಗೋಣ, ಉಳಿದವರೆಲ್ಲ ಅದರ ಘಟಕಗಳಾಗಿ ಮುಂದುವರಿಯೋಣ ಎಂಬುದು ಅವರ ಅಭಿಪ್ರಾಯ. ನಿಯಮಾವಳಿಯ ಕರಡನ್ನು ಬರೆಯುವ ಜವಾಬ್ದಾರಿ ನನ್ನ ಪಾಲಿಗೆ ಬಂದಿದೆ. ಒಟ್ಟಾಗುವುದರಲ್ಲಿ ಲಾಭವಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ರಾಜ್ಯ ಸಮಿತಿಯೆಂಬುದು ಹುಟ್ಟಿದ ಮೇಲೆ ಸದಸ್ಯತ್ವದ ಹಣ ಪೂರ್ತಿಯಾಗಿ ಅಲ್ಲಿಗೆ ಹೋಗಿ, ಇಲ್ಲಿ ಶಾಲೆಗೆ ಒಂದು ಚೀಲ ಬೇವಿನ ಹಿಂಡಿ ಕೊಳ್ಳುವುದಕ್ಕೂ ಅನುಮತಿಗೆ ಕಾಯುವಂತಾದರೆ, ಕೆಲಸ ಮಾಡುತ್ತಿರುವ ಕೈಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ ಎಂಬ ಆತಂಕವೂ ನನಗಿದೆ. ನೋಂದಣಿಯನ್ನು ಎಲ್ಲಿ ಮಾಡಿಸಬೇಕು, ಘಟಕಗಳಿಗೆ ಎಷ್ಟು ಸ್ವಾತಂತ್ರ್ಯವಿರಬೇಕು, ರಾಜ್ಯದ ಉದ್ದಕ್ಕೂ ಬೀಜ ಮತ್ತು ಗಿಡಗಳ ವಿನಿಮಯ ನಡೆಸುವುದು ಕ್ಷೇಮವೇ, ಮಲಯಾಳಂ ಓದಲು ಬಾರದ ನಮ್ಮ ಹಿರಿಯ ಸದಸ್ಯರು ನಿರ್ಧಾರಗಳಲ್ಲಿ ಪಾಲ್ಗೊಳ್ಳುವುದು ಹೇಗೆ ಎಂಬ ವಿಷಯಗಳಲ್ಲಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಲೆಕ್ಕಪತ್ರ, ಕುಂಬಳೆ

ಅಕ್ಕನವರೇ, ನಾನು ಲೆಕ್ಕಪರಿಶೋಧನೆಯ ಕೆಲಸದಲ್ಲಿದ್ದವನಾದುದರಿಂದ ನೋಂದಣಿ ಮತ್ತು ಹಣದ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ.

ಕೇರಳದಲ್ಲಿ ಇಂಥ ಸಂಘಗಳ ನೋಂದಣಿಗೆ ಎರಡು ಕಾಯ್ದೆಗಳಿವೆ. ಹಿಂದಿನ ತಿರುವಾಂಕೂರು ಮತ್ತು ಕೊಚ್ಚಿಗೆ ಸೇರಿದ್ದ ಪ್ರದೇಶಗಳಿಗೆ 1955ರ ಕಾಯ್ದೆ ಅನ್ವಯಿಸುತ್ತದೆ; ಮದ್ರಾಸ್ ಆಡಳಿತದಲ್ಲಿದ್ದ ಮಲಬಾರಿಗೂ ನಮ್ಮ ಕಾಸರಗೋಡಿಗೂ 1860ರ ಸೊಸೈಟಿ ನೋಂದಣಿ ಕಾಯ್ದೆಯೇ ಇಂದಿಗೂ ನಡೆಯುತ್ತಿದೆ. ಆದುದರಿಂದ ರಾಜ್ಯ ಸಂಘದ ಕಚೇರಿ ತ್ರಿಶೂರಿನಲ್ಲಿರುವುದೋ ಕಣ್ಣೂರಿನಲ್ಲಿರುವುದೋ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಕರಡನ್ನು ಬರೆಯಿರಿ. ಕಚೇರಿ ಬದಲಾದರೆ ಕಾಯ್ದೆಯೇ ಬದಲಾಗುತ್ತದೆ.

1860ರ ಕಾಯ್ದೆಯ ಪ್ರಕಾರ ಏಳು ಜನ ಸಹಿ ಹಾಕಿದರೆ ಸಂಘವನ್ನು ನೋಂದಾಯಿಸಬಹುದು. ಸುಲಭವಾಗಿ ಮರೆತುಹೋಗುವುದು ಅದರ ನಂತರದ ಕರ್ತವ್ಯ. ವಾರ್ಷಿಕ ಮಹಾಸಭೆ ನಡೆದ 14 ದಿನಗಳೊಳಗೆ ಆಡಳಿತ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗಗಳ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಸ್ವಯಂಸೇವಕರ ಸಂಘಗಳಲ್ಲಿ ಕಾರ್ಯದರ್ಶಿ ಬದಲಾದ ವರ್ಷ ಈ ಪಟ್ಟಿ ಹೋಗದೆ ಉಳಿಯುತ್ತದೆ, ಹಲವು ವರ್ಷಗಳ ಬಾಕಿ ಒಟ್ಟಾದ ಮೇಲೆ ಬ್ಯಾಂಕಿನವರು ಹೊಸ ಪದಾಧಿಕಾರಿಗಳ ಸಹಿಯನ್ನು ಒಪ್ಪದೆ ಹಣ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಈ ಕೆಲಸವನ್ನು ಕಾರ್ಯದರ್ಶಿಯ ನೆನಪಿಗೆ ಬಿಡದೆ, ಯಾವ ದಿನಾಂಕದೊಳಗೆ ಯಾರು ಮಾಡಬೇಕೆಂದು ನಿಯಮಾವಳಿಯಲ್ಲಿಯೇ ಬರೆದಿಡಿ.

ಜಿಲ್ಲಾ ಘಟಕಗಳು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕೇ ಎಂಬುದು ನಿಜವಾದ ಕವಲುದಾರಿ. ಪ್ರತ್ಯೇಕ ನೋಂದಣಿಯಿದ್ದರೆ ಪ್ರತಿಯೊಂದು ಘಟಕವೂ ತನ್ನದೇ ಪ್ಯಾನ್, ತನ್ನದೇ ಲೆಕ್ಕ, ತನ್ನದೇ ವಾರ್ಷಿಕ ಪಟ್ಟಿಯ ಭಾರವನ್ನು ಹೊರಬೇಕು. ರಾಜ್ಯ ಸಂಘವು ಆಗ ಕೇವಲ ಒಕ್ಕೂಟವಾಗುತ್ತದೆ. ಒಂದೇ ನೋಂದಣಿಯಾದರೆ ಘಟಕಗಳ ಬ್ಯಾಂಕ್ ಖಾತೆಗಳೂ ರಾಜ್ಯ ಸಂಘದ ಪ್ಯಾನ್‌ಗೆ ಸೇರುತ್ತವೆ, ಬದಿಯಡ್ಕದಲ್ಲಿ ಬಂದ ನೂರು ರೂಪಾಯಿಯೂ ಒಟ್ಟು ಲೆಕ್ಕದಲ್ಲಿ ಕಾಣಬೇಕಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈಗಾಗಲೇ ನೋಂದಣಿಯಿರುವ ನಿಮ್ಮಂಥ ಸಂಘಗಳು ಹಾಗೆಯೇ ಉಳಿದು ಒಕ್ಕೂಟಕ್ಕೆ ಸೇರುವುದು ಲೇಸು. ಹೊಸದಾಗಿ ಹುಟ್ಟುವ ಚಿಕ್ಕ ಗುಂಪುಗಳು ಮಾತ್ರ ರಾಜ್ಯ ಸಂಘದ ನೇರ ಘಟಕಗಳಾಗಲಿ.

ಹಣದ ಹರಿವು ಕೆಳಗಿನಿಂದ ಮೇಲಕ್ಕೆ ಚಿಕ್ಕದಾಗಿರಬೇಕು. ಸದಸ್ಯತ್ವ ಶುಲ್ಕವನ್ನು ಘಟಕವೇ ಪಡೆದು, ಅದರಲ್ಲಿ ಒಂದು ನಿಗದಿತ ಸಣ್ಣ ಪಾಲನ್ನು ವರ್ಷಕ್ಕೊಮ್ಮೆ ರಾಜ್ಯಕ್ಕೆ ಕಳುಹಿಸುವುದಾದರೆ, ಬೇವಿನ ಹಿಂಡಿಗೆ ಅನುಮತಿ ಕೇಳುವ ಪ್ರಸಂಗವೇ ಬಾರದು. ರಾಜ್ಯ ಸಮಿತಿಯ ಖರ್ಚಿನಲ್ಲಿ ದೊಡ್ಡದಾಗುವುದು ಪ್ರಯಾಣ. ಕಾಸರಗೋಡಿನಿಂದ ತಿರುವನಂತಪುರಕ್ಕೆ ವಂದೇ ಭಾರತ್ ರೈಲಿನಲ್ಲಿಯೂ ಸುಮಾರು ಎಂಟು ತಾಸು ಬೇಕು. ಸಭೆ ಸದಾ ದಕ್ಷಿಣದಲ್ಲಿಯೇ ನಡೆದರೆ ಉತ್ತರದವರು ಕ್ರಮೇಣ ಹೋಗುವುದನ್ನು ಬಿಡುತ್ತಾರೆ. ಮಹಾಸಭೆಯನ್ನು ತ್ರಿಶೂರಿನಂಥ ನಡುವಿನ ಊರಿನಲ್ಲಿ ಇಟ್ಟು, ಉಳಿದ ಸಭೆಗಳನ್ನು ಆನ್‌ಲೈನ್‌ನಲ್ಲಿ ನಡೆಸಬಹುದೆಂದು ಈಗಲೇ ಬರೆಯಿರಿ.

ದಾನಿಗಳಿಗೆ ತೆರಿಗೆ ವಿನಾಯಿತಿ ಸಿಗಬೇಕಾದರೆ, 80ಜಿ ಎಂಬ ಹೆಸರಿನಿಂದ ಪರಿಚಿತವಾದ ಆದಾಯ ತೆರಿಗೆ ಇಲಾಖೆಯ ಅನುಮೋದನೆ ಬೇಕು. ಅದಿದ್ದರೂ 2000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ವಿನಾಯಿತಿ ಇಲ್ಲವಾದುದರಿಂದ ದೊಡ್ಡ ಮೊತ್ತವನ್ನು ಬ್ಯಾಂಕ್ ಮೂಲಕವೇ ಸ್ವೀಕರಿಸಿ.

ಉತ್ತರ: ಸಸಿಮಡಿ, ಮುಳ್ಳೇರಿಯ

ಬೀಜ, ಗಿಡಗಳ ವಿನಿಮಯ ಕ್ಷೇಮವೇ ಎಂದು ಕೇಳಿದ್ದೀರಿ. ಬೀಜಕ್ಕೆ ಒಂದು ಉತ್ತರ, ಗಿಡಕ್ಕೆ ಇನ್ನೊಂದು ಉತ್ತರ.

ಮನೆಯಲ್ಲಿ ಬೆಳೆದ ಬೆಂಡೆ, ಹೀರೆ, ಹಾಗಲಗಳ ಒಣಬೀಜವನ್ನು ಚೆನ್ನಾಗಿ ಆರಿಸಿ, ಬೂದಿ ಸವರಿ ಕಳುಹಿಸುವುದರಲ್ಲಿ ಅಪಾಯ ಕಡಿಮೆ. ಕಾನೂನಿನ ತೊಡಕೂ ಇಲ್ಲ. ತಾನು ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಹಂಚುವ, ವಿನಿಮಯ ಮಾಡುವ, ಮಾರುವ ಹಕ್ಕನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನಿಗೆ ಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರಿನ ಲಕೋಟೆಯಲ್ಲಿ ಹಾಕಿ ಮಾರಲು ಮಾತ್ರ ಆ ಹಕ್ಕು ಅನ್ವಯಿಸುವುದಿಲ್ಲ. ಸಂಘದ ಲಾಂಛನ ಮುದ್ರಿಸಿ ಬೀಜ ಮಾರಬೇಕೆಂಬ ಉತ್ಸಾಹ ರಾಜ್ಯ ಸಮಿತಿಗೆ ಬಂದರೆ ಅಲ್ಲಿಯೇ ತಡೆಯಿರಿ.

ಮಣ್ಣಿನೊಡನೆ ಸಾಗುವ ಗಿಡ, ಕಂದು (ಬುಡದಲ್ಲಿ ಹುಟ್ಟುವ ಮರಿಗಿಡ), ಗಡ್ಡೆಗಳ ವಿಷಯದಲ್ಲಿ ನಾನು ಕಟ್ಟುನಿಟ್ಟಿನ ಪಕ್ಷದವನು. ಬಾಳೆಯ ತುದಿಯಲ್ಲಿ ಎಲೆಗಳು ಗಿಡ್ಡವಾಗಿ ಗೊಂಚಲುಗಟ್ಟುವ ಬಂಚಿ ಟಾಪ್ ರೋಗವು ದೂರದ ಊರಿಗೆ ಹೋಗುವುದು ಮುಖ್ಯವಾಗಿ ರೋಗ ತಗಲಿದ ಕಂದುಗಳ ಮೂಲಕ. ಒಮ್ಮೆ ಊರಿಗೆ ಬಂದ ಮೇಲೆ ಗಿಡಹೇನುಗಳು ಅದನ್ನು ತೋಟದಿಂದ ತೋಟಕ್ಕೆ ಒಯ್ಯುತ್ತವೆ. ಕಾಳುಮೆಣಸಿನ ಸೊರಗು ರೋಗದ ರೋಗಾಣು ಸಸಿಯ ಪ್ಲಾಸ್ಟಿಕ್ ತೊಟ್ಟೆಯ ಮಣ್ಣಿನಲ್ಲಿಯೇ ಇರಬಲ್ಲದು. ಆಫ್ರಿಕನ್ ಬಸವನಹುಳುವಿನ ಮೊಟ್ಟೆಗಳು ಅದೇ ಮಣ್ಣಿನಲ್ಲಿ ಕಣ್ಣಿಗೆ ಬೀಳದೆ ಬರುತ್ತವೆ. ತೆಂಗಿನ ಬೇರು ಸೊರಗು ರೋಗವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಟ್ಟಯಂ ಕಡೆಯಲ್ಲಿ ಕಾಣಿಸಿಕೊಂಡು, ಇಂದು ತಿರುವನಂತಪುರದಿಂದ ತ್ರಿಶೂರಿನವರೆಗಿನ ಜಿಲ್ಲೆಗಳಲ್ಲಿ ಬೇರೂರಿದೆ. ಅಲ್ಲಿಂದ ಯಾರೋ ಪ್ರೀತಿಯಿಂದ ಕೊಟ್ಟ ತೆಂಗಿನ ಸಸಿ ನಮ್ಮ ತೋಟಗಳಿಗೆ ಬೇಡ. ರಾಜ್ಯ ಸಂಘವೊಂದು ಮಹಾಸಭೆಯ ದಿನ ಗಿಡ ವಿನಿಮಯದ ಮೇಳವನ್ನು ಏರ್ಪಡಿಸಿದರೆ, ಹದಿನಾಲ್ಕು ಜಿಲ್ಲೆಗಳ ರೋಗಗಳು ಒಂದೇ ಅಂಗಳದಲ್ಲಿ ಸೇರಿ ಸಂಜೆಯ ರೈಲಿನಲ್ಲಿ ಊರೂರಿಗೆ ಹೊರಡುತ್ತವೆ. ಜಿಲ್ಲೆಯಿಂದ ಜಿಲ್ಲೆಗೆ ಒಣಬೀಜ ಮಾತ್ರ ಸಾಗಬೇಕು, ಗಿಡಗಳ ವಿನಿಮಯ ತಾಲೂಕಿನೊಳಗೇ ಮುಗಿಯಬೇಕು ಎಂದು ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಬರೆಯಿರಿ ಎಂಬುದು ನನ್ನ ಒತ್ತಾಯ.

ಸಲಹೆ ಕೊಡುವ ವಿಷಯವೂ ಇಷ್ಟೇ ಗಂಭೀರ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1970ರ ದಶಕದ ಮೊದಲ ವರ್ಷಗಳಲ್ಲಿ ಆರಂಭವಾದ ಮಾಸ್ಟರ್ ಗಾರ್ಡನರ್ ವ್ಯವಸ್ಥೆಯ ಬಲವೇನೆಂದರೆ, ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗವೇ ಸ್ವಯಂಸೇವಕರಿಗೆ ತರಬೇತಿ ಕೊಡುತ್ತದೆ, ಅವರು ಅದಕ್ಕೆ ಪ್ರತಿಯಾಗಿ ಊರಿನವರಿಗಾಗಿ ನಿಗದಿತ ಹೊತ್ತು ದುಡಿಯುತ್ತಾರೆ. ನಮ್ಮಲ್ಲಿ ಅಂಥ ಬೆಂಬಲಕ್ಕೆ ಕೊರತೆಯಿಲ್ಲ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಅಡಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಪಡನ್ನಕ್ಕಾಡಿನಲ್ಲಿ ಕೃಷಿ ಕಾಲೇಜು, ಪಿಲಿಕೋಡಿನಲ್ಲಿ ಪ್ರಾದೇಶಿಕ ಸಂಶೋಧನಾ ಕೇಂದ್ರ, ಪಂಚಾಯತಿಗೊಂದು ಕೃಷಿ ಭವನ ಇವೆ. ಇವರ ತರಬೇತಿಯಿಲ್ಲದೆ ಯಾರೂ ಸಂಘದ ಹೆಸರಿನಲ್ಲಿ ಗಿಡದ ರೋಗಕ್ಕೆ ಮದ್ದು ಹೇಳಬಾರದು.

ರಾಸಾಯನಿಕದ ಹೆಸರನ್ನಂತೂ ಯಾವ ಸ್ವಯಂಸೇವಕನೂ ಬಾಯಲ್ಲಿ ಹೇಳಬಾರದು. ಅದು ಕೃಷಿ ಅಧಿಕಾರಿಯ ಕೆಲಸ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದ ಜಿಲ್ಲೆ ನಮ್ಮದು. ಎಣ್ಮಕಜೆಯ ಪಡ್ರೆಯಂಥ ಊರುಗಳು ಅದರ ಫಲವನ್ನು ಇಂದಿಗೂ ಅನುಭವಿಸುತ್ತಿವೆ. ಇದನ್ನು ಕಂಡವರ ಸಂಘವು ಈ ಒಂದು ನಿಯಮದಲ್ಲಿ ಉಳಿದ ಜಿಲ್ಲೆಗಳಿಗೆ ಮಣಿಯಬಾರದು.

ಉತ್ತರ: ಬೆಟ್ಟದ ತೋಟ, ತಾಳವಾಡಿ

ನಾವು ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ ಕನ್ನಡಿಗರು. ಕೋಸು, ಆಲೂಗಡ್ಡೆ ಬೆಳೆಯುವ ನಮ್ಮ ಬೆಟ್ಟದ ನೆಲಕ್ಕೂ ಕೆಳಗಿನ ಬಯಲಿಗೂ ಹವೆಯಲ್ಲಿ ಹೋಲಿಕೆಯೇ ಇಲ್ಲ. ಆದರೂ ಕೆಳಗಿನವರು ತಯಾರಿಸಿದ ಬಿತ್ತನೆಯ ವೇಳಾಪಟ್ಟಿ ನಮಗೂ ಬರುತ್ತದೆ. ನಿಮ್ಮಲ್ಲಿಯೂ ಹಾಗಾಗದಿರಲಿ. ಹಿಂಗಾರು ಮಳೆ ದಕ್ಷಿಣ ಕೇರಳಕ್ಕೆ ಕೊಡುವಷ್ಟು ನೀರನ್ನು ಕಾಸರಗೋಡಿಗೆ ಕೊಡುವುದಿಲ್ಲ, ನಿಮ್ಮ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೇ ಸುರಿದು ಮುಗಿಯುತ್ತದೆ. ಆ ಮೇಲೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನು ನೆಚ್ಚಿ ಬೇಸಿಗೆಯ ತರಕಾರಿ ಬೆಳೆಯುವವರಿಗೆ ತಿರುವನಂತಪುರದ ಪಟ್ಟಿ ಪ್ರಯೋಜನಕ್ಕೆ ಬಾರದು. ಬಿತ್ತನೆಯ ಪಂಚಾಂಗವನ್ನು ಘಟಕವೇ ಬರೆಯಲಿ, ರಾಜ್ಯ ಸಮಿತಿ ಅದನ್ನು ಅಚ್ಚುಹಾಕಿ ಕೊಡಲಿ.

ಪ್ರಶ್ನಿಸಿದವರಿಂದ: ಹಿತ್ತಿಲ ಬಸಳೆ, ಬದಿಯಡ್ಕ

ಮೂವರಿಗೂ ಕೃತಜ್ಞತೆಗಳು. ಗಿಡಗಳ ವಿನಿಮಯವನ್ನು ತಾಲೂಕಿಗೆ ಸೀಮಿತಗೊಳಿಸುವ ನಿಯಮವನ್ನು ಈ ವಾರವೇ ಕರಡಿಗೆ ಸೇರಿಸುತ್ತೇನೆ. ಎರಡು ಸಂದೇಹಗಳು ಉಳಿದಿವೆ. ಭಾಷೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ. ಮತ್ತೊಂದು, ಒಕ್ಕೂಟ ಮುಂದೊಂದು ದಿನ ನಿಂತುಹೋದರೆ ನಾವು ಅದಕ್ಕೆ ಕೊಟ್ಟ ಹಣ, ಉಪಕರಣಗಳ ಗತಿಯೇನು ಎಂದು ನಮ್ಮ ಹಿರಿಯರೊಬ್ಬರು ಕೇಳುತ್ತಿದ್ದಾರೆ.

ಉತ್ತರ: ಗಡಿಯ ಮನೆ, ಮಂಜೇಶ್ವರ

ಭಾಷೆಯ ವಿಷಯ ನಾನು ಹೇಳುತ್ತೇನೆ. 1969ರ ಕೇರಳ ರಾಜಭಾಷಾ ಕಾಯ್ದೆಯು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿಯೇ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿದೆ. ಸರಕಾರವೇ ಒಪ್ಪಿರುವುದನ್ನು ಸ್ವಯಂಸೇವಾ ಸಂಘವೊಂದು ತನ್ನ ಸದಸ್ಯರಿಗೆ ನಿರಾಕರಿಸುವುದಕ್ಕೆ ಕಾರಣವಿಲ್ಲ. ಆದರೆ ಎಲ್ಲವನ್ನೂ ಎರಡು ಭಾಷೆಗಳಲ್ಲಿ ಬರೆಯಬೇಕೆಂದು ಕೇಳಿದರೆ ಸ್ವಯಂಸೇವಕರ ಕೈಯಲ್ಲಿ ಅದು ನಡೆಯುವುದಿಲ್ಲ, ಕೆಲವು ತಿಂಗಳಲ್ಲಿಯೇ ನಿಲ್ಲುತ್ತದೆ. ಮತಕ್ಕೆ ಬರುವ ಕಾರ್ಯಸೂಚಿ, ನಿಯಮಾವಳಿಯ ತಿದ್ದುಪಡಿ, ವಾರ್ಷಿಕ ಲೆಕ್ಕ, ರೋಗದ ಎಚ್ಚರಿಕೆ, ಇಷ್ಟು ಮಾತ್ರ ಕಡ್ಡಾಯವಾಗಿ ಕನ್ನಡದಲ್ಲಿಯೂ ಬರಬೇಕೆಂದು ಕೇಳಿ. ಕನ್ನಡ ಪ್ರತಿ ಸದಸ್ಯರ ಕೈಸೇರದ ವಿಷಯವನ್ನು ಆ ಸಭೆಯಲ್ಲಿ ಮತಕ್ಕೆ ಹಾಕುವಂತಿಲ್ಲವೆಂಬ ಒಂದು ವಾಕ್ಯವನ್ನೂ ಸೇರಿಸಿ. ಆ ವಾಕ್ಯವಿಲ್ಲದಿದ್ದರೆ ಅನುವಾದ ಸದಾ ಮುಂದಿನ ತಿಂಗಳಿಗೆ ಹೋಗುತ್ತದೆ.

ಇನ್ನೊಂದು ಸಲಹೆ. ಘಟಕವನ್ನು ಜಿಲ್ಲೆಗೊಂದರಂತೆ ಮಾಡದೆ ತಾಲೂಕಿಗೊಂದರಂತೆ ಮಾಡಿ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡ ಓದುವವರು ಬಹಳಷ್ಟಿದ್ದಾರೆ. ಹೊಸದುರ್ಗ, ವೆಳ್ಳರಿಕುಂಡು ತಾಲೂಕುಗಳಲ್ಲಿ ಮಲಯಾಳಂ ಓದುವವರು ಹೆಚ್ಚು. ತಾಲೂಕು ಸಭೆಗಳು ಅವರವರ ಭಾಷೆಯಲ್ಲಿ ನಡೆದರೆ ಕುಳಿತವರೆಲ್ಲರೂ ಮಾತನಾಡುತ್ತಾರೆ. ರಾಜ್ಯ ಸಮಿತಿಗೆ ಹೋಗುವ ಪ್ರತಿನಿಧಿಗೆ ಮಾತ್ರ ಎರಡೂ ಭಾಷೆ ಬಂದರೆ ಸಾಕು, ಅಂಥವರಿಗೆ ನಮ್ಮಲ್ಲಿ ಬರವಿಲ್ಲ.

ಉತ್ತರ: ಲೆಕ್ಕಪತ್ರ, ಕುಂಬಳೆ

ನಿಮ್ಮ ಹಿರಿಯರು ಕೇಳಿದ ಪ್ರಶ್ನೆ ಸರಿಯಾಗಿಯೇ ಇದೆ. 1860ರ ಕಾಯ್ದೆಯಂತೆ ಸಂಘವನ್ನು ವಿಸರ್ಜಿಸಲು ಸದಸ್ಯರಲ್ಲಿ ಐದರಲ್ಲಿ ಮೂರು ಪಾಲು ಜನ ಒಪ್ಪಬೇಕು. ಸಾಲ ತೀರಿಸಿ ಉಳಿದ ಆಸ್ತಿ ಸದಸ್ಯರಿಗೆ ಹಂಚಿಕೆಯಾಗುವುದಿಲ್ಲ, ಅದು ಬೇರೊಂದು ಸಂಘಕ್ಕೆ ಹೋಗಬೇಕು. ಆದುದರಿಂದ ನಿಮ್ಮ ಸಂಘದ ಉಪಕರಣಗಳನ್ನು ಒಕ್ಕೂಟಕ್ಕೆ ದಾನವಾಗಿ ಕೊಡಬೇಡಿ. ಅಗತ್ಯವಿದ್ದಾಗ ಬರಹದ ಮೂಲಕ ಬಳಕೆಗೆ ಮಾತ್ರ ಕೊಡಿ, ಒಡೆತನ ನಿಮ್ಮ ದಾಸ್ತಾನು ಪುಸ್ತಕದಲ್ಲಿಯೇ ಇರಲಿ.

ಸಂಘದ ಉದ್ದೇಶಗಳನ್ನು ಬದಲಾಯಿಸುವುದಕ್ಕೂ ಇಂಥದೇ ಬಿಗಿಯಿದೆ. ಪ್ರಸ್ತಾಪವನ್ನು 10 ದಿನ ಮುಂಚಿತವಾಗಿ ಸದಸ್ಯರಿಗೆ ತಲುಪಿಸಿ, ವಿಶೇಷ ಸಭೆಯಲ್ಲಿ ಐದರಲ್ಲಿ ಮೂರು ಪಾಲು ಮತ ಪಡೆದು, ಒಂದು ತಿಂಗಳ ನಂತರದ ಎರಡನೆಯ ಸಭೆಯಲ್ಲಿ ಅಷ್ಟೇ ಮತದಿಂದ ಅದನ್ನು ಸ್ಥಿರೀಕರಿಸಬೇಕು. ಒಕ್ಕೂಟಕ್ಕೆ ಸೇರಲು ನಿಮ್ಮ ಈಗಿನ ಉದ್ದೇಶಗಳಲ್ಲಿ ತಿದ್ದುಪಡಿ ಬೇಕಾಗುವುದಾದರೆ ಈ ಎರಡು ಸಭೆಗಳ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಉಳಿದ ಜಿಲ್ಲೆಗಳವರಿಗೆ ದಿನಾಂಕ ಹೇಳಿ. ಎರಡೂ ಸಭೆಗಳನ್ನು ಮಳೆಗಾಲ ಹಿಡಿಯುವ ಮುಂಚೆ ಮುಗಿಸುವುದು ಒಳ್ಳೆಯದು, ಜೂನ್ ಬಂದ ಮೇಲೆ ಸದಸ್ಯರೆಲ್ಲರೂ ತೋಟದಲ್ಲಿರುತ್ತಾರೆ.