ರಿಪೋಸ್ ಗ್ರೇ, ಅಗ್ರೀಯಬಲ್ ಗ್ರೇ: ಕೆಂಪು ನೆಲದ ಮನೆಗೆ ಯಾವ ಬೂದು ಒಪ್ಪೀತು?

ಪ್ರಶ್ನೆ (ಕಾರವಾರ):
ನಮಸ್ಕಾರ. ನಮ್ಮ ಹಳೆಯ ಹಂಚಿನ ಮನೆಯ ಜಗಲಿಗೂ ನಡುಕೋಣೆಗೂ ತಿಳಿ ಬೂದು ಬಣ್ಣ ಹಚ್ಚಿಸಬೇಕೆಂದಿದ್ದೇವೆ. ಅಮೆರಿಕದಲ್ಲಿರುವ ಮಗಳು ಶೆರ್ವಿನ್ ವಿಲಿಯಮ್ಸ್ ಕಂಪನಿಯ ರಿಪೋಸ್ ಗ್ರೇ (7015) ಮತ್ತು ಅಗ್ರೀಯಬಲ್ ಗ್ರೇ (7029) ಎಂಬ ಎರಡನ್ನು ಸೂಚಿಸಿದ್ದಾಳೆ. ಮೊಬೈಲಿನಲ್ಲಿ ನನಗೆ ಎರಡೂ ಒಂದೇ; ನನ್ನ ಶ್ರೀಮತಿಗೆ ಮಾತ್ರ ಅಗ್ರೀಯಬಲ್ ಒಲೆಯ ಬೂದಿಯಂತೆಯೂ ರಿಪೋಸ್ ಮಳೆಗಾಲದ ಕಡಲಿನಂತೆಯೂ ಕಾಣುತ್ತದಂತೆ. ನೆಲ ರೆಡ್ ಆಕ್ಸೈಡಿನದು, ಕಿಟಕಿಗಳು ಉತ್ತರಕ್ಕಿವೆ. ಯಾವುದನ್ನು ಆರಿಸಬೇಕು?

ಉತ್ತರ (ಶಿರಸಿ):
ಗೋಡೆ ಎಷ್ಟು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ ಎಂಬುದನ್ನು ಬಣ್ಣದ ಕಂಪನಿಗಳು ಎಲ್‌ಆರ್‌ವಿ ಎಂಬ ಅಂಕೆಯಲ್ಲಿ ಹೇಳುತ್ತವೆ. ಅಪ್ಪಟ ಕಪ್ಪಿಗೆ 0, ಅಪ್ಪಟ ಬಿಳಿಗೆ 100. ಅಗ್ರೀಯಬಲ್ 60, ರಿಪೋಸ್ 58. ಇಷ್ಟು ಅಂತರ ಗೋಡೆಯ ಮೇಲೆ ಕಣ್ಣಿಗೆ ಬೀಳುವುದು ಕಷ್ಟ, ಆದ್ದರಿಂದ ಯಾವುದು ತಿಳಿ, ಯಾವುದು ಗಾಢ ಎಂಬ ಲೆಕ್ಕವನ್ನು ಬಿಟ್ಟುಬಿಡಿ. ಶ್ರೀಮತಿಯವರು ಹೇಳಿದ್ದೇ ಸರಿ: ಅಗ್ರೀಯಬಲ್‌ನಲ್ಲಿ ಮಣ್ಣಿನ ಛಾಯೆ ಬೆರೆತಿದೆ, ರಿಪೋಸ್ ಅದಕ್ಕಿಂತ ತಂಪು ಮತ್ತು ಕೆಲವು ಬೆಳಕಿನಲ್ಲಿ ತೆಳು ನೇರಳೆಯತ್ತ ಜಾರುತ್ತದೆ. ನಮ್ಮಲ್ಲಿ ತೋಟದ ಕಡೆಯ ಕೋಣೆಗೆ ಇಂಥದೇ ತಂಪು ಬೂದು ಹಚ್ಚಿಸಿದಾಗ ಅಡಿಕೆ ಮರಗಳ ಹಸಿರು ಗೋಡೆಗೆ ಬಿದ್ದು, ಬಂದ ನೆಂಟರೆಲ್ಲ ಪಾಚಿ ಕಟ್ಟಿದೆಯೇ ಎಂದು ಕೇಳುವಂತಾಯಿತು.

ಉತ್ತರ (ಕುಮಟಾ):
ಉತ್ತರದ ಕೋಣೆಗೆ ಬೆಚ್ಚನೆಯ ಛಾಯೆಯೇ ಬೇಕೆಂಬ ಸಲಹೆಯನ್ನು ಅಮೆರಿಕದ ಬರಹಗಳಲ್ಲಿ ನೀವೂ ಓದಿರಬಹುದು. ಅದು ಅಲ್ಲಿಯ ಅಕ್ಷಾಂಶಕ್ಕೆ ಹೇಳಿದ ಮಾತು. ಕಾರವಾರ ಸುಮಾರು 15 ಡಿಗ್ರಿ ಉತ್ತರದಲ್ಲಿರುವುದರಿಂದ ಮೇ ಮೊದಲ ದಿನಗಳಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ, ಆದರೆ ಜೂನ್ ಹಿಡಿದರೆ ಮೋಡ ಅವನನ್ನು ಕಾಣಗೊಡುವುದಿಲ್ಲ. ನಿಮಗೆ ದಿಕ್ಕಿಗಿಂತ ನೆಲವೇ ಮುಖ್ಯ. ಕೆಂಪು ನೆಲದ ಬೆಳಕು ಗೋಡೆಯ ಕೆಳಭಾಗಕ್ಕೆ ಹೊಡೆದಾಗ ನೇರಳೆ ಛಾಯೆಯ ಬೂದು ಗುಲಾಬಿಯಾಗುತ್ತದೆ. ರಾತ್ರಿಯ ದೀಪವನ್ನೂ ಗಮನಿಸಿ: 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಎಂದಿರುವ ಬಿಳಿ ಎಲ್‌ಇಡಿಯಲ್ಲಿ ಎರಡೂ ನೀಲಿಯತ್ತ ಹೋಗುತ್ತವೆ, 3000ದ ಹಳದಿ ಬೆಳಕಿನಲ್ಲಿ ಅಗ್ರೀಯಬಲ್ ಕೆನೆಬಣ್ಣಕ್ಕೆ ಹತ್ತಿರವಾಗುತ್ತದೆ. ಇಲ್ಲಿಯ ಅಂಗಡಿಯ ಯಂತ್ರದಲ್ಲಿ ಬೇರೆ ಕಂಪನಿಯ ಬಣ್ಣವನ್ನು ಹೋಲಿಸಿ ಬೆರೆಸಿಕೊಟ್ಟರೆ, ಅಂಗಡಿಯ ದೀಪದಲ್ಲಿ ಸರಿಹೊಂದಿದ್ದು ಮನೆಯ ಬೆಳಕಿನಲ್ಲಿ ಹೊಂದದೆಯೂ ಹೋಗಬಹುದು. ಮೊದಲು ಚಿಕ್ಕ ಡಬ್ಬಿಯನ್ನೇ ತನ್ನಿ.

ಪ್ರಶ್ನೆ ಕೇಳಿದವರಿಂದ:
ಎರಡು ಅಡಿಯ ಎರಡು ಹಲಗೆಗಳಿಗೆ ಎರಡೆರಡು ಕೋಟ್ ಹಚ್ಚಿ, ನೆಲಕ್ಕೆ ತಾಗಿಸಿ ನಾಲ್ಕು ದಿನ ಇಟ್ಟೆವು. ಸಂಜೆ ಐದರ ಹೊತ್ತಿಗೆ ರಿಪೋಸ್ ಹಲಗೆಯ ಕೆಳಗಿನ ಒಂದು ಗೇಣು, ನೇರಳೆ ಹಣ್ಣಿನ ಕಲೆಯನ್ನು ಒಗೆದ ಮೇಲೆ ಬಟ್ಟೆಯಲ್ಲಿ ಉಳಿಯುವ ಗುರುತಿನಂತೆ ಕಂಡಿತು. ಜಗಲಿಗೆ ಅಗ್ರೀಯಬಲ್ ಎಂದು ತೀರ್ಮಾನಿಸಿದ್ದೇವೆ. ನಡುಕೋಣೆಯ ಚಿರೆಕಲ್ಲಿನ ಗೋಡೆಯಲ್ಲಿ ಇನ್ನೂ ತೇವವಿರುವುದರಿಂದ ಆ ಕೆಲಸವನ್ನು ದೀಪಾವಳಿಯ ನಂತರಕ್ಕೆ ಮುಂದೂಡಿದ್ದೇವೆ.