ಸಹಾಯ ಬೇಕು: ಒಣಗಿಸಿ ಇಡುವ ಹೂಗಳನ್ನು ಬೀಜದಿಂದ ಬೆಳೆಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಉಡುಪಿ ಹತ್ತಿರ, ಶಂಕರಪುರದ ಕಡೆ. ಮಲ್ಲಿಗೆ ಬಗ್ಗೆ ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ಬೇಕಿರುವುದು ಹೂದಾನಿಗೂ ಆಗುವ, ಒಣಗಿಸಿದರೂ ಬಣ್ಣ ಉಳಿಯುವ ಹೂಗಳು: ಕೋಳಿಜುಟ್ಟು, ಗಾಂಫ್ರೀನಾ, ಸ್ಟ್ರಾಫ್ಲವರ್. ತಾಜಾ ಇಡಲು ಝಿನಿಯಾ.

ಮಳೆ ಕಡಿಮೆಯಾದ ಮೇಲೆ, ಅಕ್ಟೋಬರ್‌ನಲ್ಲಿ ಟ್ರೇಯಲ್ಲಿ ಬೀಜ ಹಾಕುವ ಯೋಚನೆ ಇದೆ. ತೆಂಗಿನ ನಾರಿನ ಪುಡಿಗೆ ನಮ್ಮ ಕೆಂಪು ಮಣ್ಣು ಬೆರೆಸಿದರೆ ಸಾಕಾ, ಮರಳೂ ಬೇಕಾ? ಸಸಿಗಳು ಬುಡ ಕೊಳೆತು ಮಲಗದಂತೆ ನೀವು ಏನು ಮಾಡುತ್ತೀರಿ?

ದೊಡ್ಡ ಚಿಂತೆ ಒಣಗಿಸುವುದರದ್ದು. ಕತ್ತಲೆ ಇದ್ದು ಗಾಳಿಯಾಡುವ ಜಾಗದಲ್ಲಿ ತಲೆಕೆಳಗಾಗಿ ತೂಗುಹಾಕಬೇಕು, ಸ್ಟ್ರಾಫ್ಲವರನ್ನು ಪೂರ್ತಿ ಅರಳುವ ಮೊದಲೇ ಕೊಯ್ಯಬೇಕು ಎಂಬುದು ಗೊತ್ತು. ಆದರೆ ನಮ್ಮ ಕರಾವಳಿಯ ಹವೆಗೆ ಹಪ್ಪಳವೇ ಮೆತ್ತಗಾಗುತ್ತದೆ, ಅಲ್ವಾ? ಜನವರಿಯಲ್ಲಿ ಒಣಗಿಸಿದ ಹೂ ಜೂನ್ ಮಳೆಗೆ ಬೂಸ್ಟು ಹಿಡಿಯದೆ ಉಳಿದೀತಾ? ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟವರು ದಯವಿಟ್ಟು ಹೇಳಿ. ಅಡುಗೆಮನೆಯ ಅಟ್ಟದಲ್ಲಿ ಬಿಸಿ ಇದೆ, ಆದರೆ ಹೊಗೆಗೆ ಬಣ್ಣ ಮಾಸುತ್ತದಾ?

ಮಂಗಳೂರು, ಉಡುಪಿ ಕಡೆ ಬೆಳೆದವರ ಅನುಭವವೇ ನನಗೆ ಮುಖ್ಯ. ಮನೆಯಲ್ಲೇ ಬೀಜ ತೆಗೆದಿಟ್ಟವರು ಇದ್ದರೆ ತಿಳಿಸಿ, ದುಡ್ಡು ಕೊಟ್ಟು ತೆಗೆದುಕೊಳ್ಳುತ್ತೇನೆ.